ಗೂಡಿನಿಂದ ಬಂದ ಪತಂಗದ ರೆಕ್ಕೆ ಯಾಕೆ ಬಿಚ್ಚಿಕೊಳ್ಳಲಿಲ್ಲ?

ಪ್ರಶ್ನೆ: ಹೊಳಲ್ಕೆರೆ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಾನು ಶಾಲೆ ಮೇಷ್ಟ್ರು. ಹೋದ ಡಿಸೆಂಬರ್‌ನಲ್ಲಿ ಶಾಲೆ ಅಂಗಳದ ಬಾದಾಮಿ ಮರದಲ್ಲಿ ಮಕ್ಕಳಿಗೆ ನಾಲ್ಕು ಗೂಡು ಸಿಕ್ಕವು. ಕೋಳಿಮೊಟ್ಟೆಗಿಂತ ಸ್ವಲ್ಪ ಚಿಕ್ಕವು, ಬೂದು ಬಣ್ಣ, ಕಲ್ಲಿನಷ್ಟು ಗಟ್ಟಿ. ಪ್ರತಿಯೊಂದೂ ಒಂದು ತೊಟ್ಟಿನಿಂದ ಕೊಂಬೆಗೆ ನೇತಾಡುತ್ತಿತ್ತು. ಮನೆಗೆ ತಂದು ಪ್ಲಾಸ್ಟಿಕ್ ಡಬ್ಬದಲ್ಲಿ ಇಟ್ಟೆ. ಆರು ತಿಂಗಳು ಏನೂ ಆಗಲಿಲ್ಲ. ಜೂನ್‌ನಲ್ಲಿ ಮಳೆ ಬಿದ್ದ ವಾರದಲ್ಲೇ ಒಂದು ಸಂಜೆ ಇಟ್ಟಿಗೆ ಬಣ್ಣದ ದೊಡ್ಡ ಪತಂಗ ಹೊರಬಂತು. ಡಬ್ಬದ ಮುಚ್ಚಳ ತೆಗೆದಿತ್ತು, ಕಿಟಕಿ ಪರದೆ ಹತ್ತಿ ಕೂತಿತು. ನಾಲ್ಕು ರೆಕ್ಕೆಯಲ್ಲೂ ಒಂದೊಂದು ಕಣ್ಣು, ಕಣ್ಣಿನ ನಡುವೆ ಗಾಜು! ನಾಲ್ಕು ದಿನದ ಮೇಲೆ ಎರಡನೆಯದು ರಾತ್ರಿ ಮುಚ್ಚಿದ ಡಬ್ಬದೊಳಗೇ ಹೊರಬಂತು. ಅದು ಹಳದಿ, ಹೊಟ್ಟೆ ದಪ್ಪ. ಬೆಳಿಗ್ಗೆ ನೋಡಿದರೆ ರೆಕ್ಕೆ ನೆನೆದ ಕಾಗದದ ಹಾಗೆ ಮುದುಡಿತ್ತು, ಡಬ್ಬದ ತಳದಲ್ಲಿ ಕಂದು ನೀರು. ಇದು ಬೇರೆ ಜಾತಿಯಾ, ರೋಗವಾ? ಪಕ್ಕದ ಮೆಕ್ಕೆಜೋಳದ ಹೊಲಕ್ಕೆ ಹೊಡೆದ ಔಷಧಿಯಿಂದ ಹೀಗಾಯ್ತಾ? ರೆಕ್ಕೆ ಸರಿ ಮಾಡಬಹುದಾ? ನಮ್ಮವ್ವ 'ಆ ಪುಡಿ ಕಣ್ಣಿಗೆ ಬಿದ್ದರೆ ಕಣ್ಣು ಹೋಗ್ತವೆ, ಉಳಿದ ಎರಡನ್ನೂ ಹೊರಗೆ ಎಸಿ' ಅಂತಿದಾರೆ. ಏಳನೇ ಕ್ಲಾಸಿನ ಹುಡುಗಿ ಒಬ್ಬಳು, 'ಗೂಡಿನೊಳಗೆ ಕತ್ತಲಲ್ಲಿ ಆ ಕಣ್ಣು ಬರೆದವರು ಯಾರು ಸಾರ್?' ಅಂತ ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ.

ಉತ್ತರ:

ಮೇಷ್ಟ್ರೇ, ನಿಮ್ಮ ಪತ್ರ ಎರಡು ಸಲ ಓದಿದೆ. ಕಳಿಸಿದ ಫೋಟೊಗಳನ್ನೂ ದೊಡ್ಡದು ಮಾಡಿ ನೋಡಿದೆ. ಮೊದಲು ನಿಮ್ಮ ಮನಸ್ಸಿನಲ್ಲಿರುವ ಚಿಂತೆಯನ್ನು ಬಿಡಿಸಿ ಹೇಳುತ್ತೇನೆ. ಆರು ತಿಂಗಳು ಕಾಪಾಡಿದ ಜೀವ ನನ್ನ ಕೈಯಲ್ಲೇ ಹಾಳಾಯಿತಲ್ಲ, ಮಕ್ಕಳಿಗೆ ಏನು ಹೇಳಲಿ ಅನ್ನುವುದು ನಿಮ್ಮ ಸಂಕಟ, ಅಲ್ವಾ? ನನಗೂ ಆ ಸಂಕಟ ಗೊತ್ತು. ರೇಷ್ಮೆ ಬಿತ್ತನೆ ಕೋಠಿಯಲ್ಲಿ, ಅಂದರೆ ರೈತರಿಗೆ ರೇಷ್ಮೆ ಮೊಟ್ಟೆ ತಯಾರಿಸಿ ಕೊಡುವ ಕಡೆ, ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ತಟ್ಟೆಗೆ ಹಿಡಿಸುವುದಕ್ಕಿಂತ ಜಾಸ್ತಿ ಗೂಡು ಸುರಿದುಬಿಟ್ಟಿದ್ದೆ. ಬೆಳಕು ಹರಿಯುವ ಹೊತ್ತಿಗೆ ಚಿಟ್ಟೆಗಳೆಲ್ಲ ಒಟ್ಟಿಗೆ ಹೊರಬಂದವು. ಒಂದರ ಮೇಲೊಂದು ಹತ್ತಿ ತುಳಿದಾಡಿ, ಎಷ್ಟೋ ಚಿಟ್ಟೆಗಳ ರೆಕ್ಕೆ ನಿಮ್ಮ ಹಳದಿ ಪತಂಗದ ಹಾಗೇ ಮುದುಡಿ ಹೋದವು. ಆವತ್ತು ನನ್ನ ಹಿರಿಯರು ಹೇಳಿದ ಮಾತು ಇದು: "ರೆಕ್ಕೆ ಬೆಳೆದಿರೋದು ಸರಿಯಾಗೇ ಇತ್ತು ಕಣಯ್ಯ. ಬಿಚ್ಚಿಕೊಳ್ಳೋಕೆ ಜಾಗ ಸಿಗಲಿಲ್ಲ."

ನಿಮ್ಮದೂ ಅದೇ ಕತೆ.

ನಿಮ್ಮ ಗೂಡುಗಳು ಟಸರ್ ಪತಂಗದವು. ಕಾಡು ರೇಷ್ಮೆ. ಜಾರ್ಖಂಡ್, ಬಿಹಾರ ಕಡೆ ಇದರಿಂದ ನೂಲು ತೆಗೆಯುತ್ತಾರೆ. ಇದರ ಹುಳು ಮತ್ತಿ ಮರ, ಎಲಚಿ ಗಿಡದ ಎಲೆ ತಿನ್ನುತ್ತದೆ. ಅಂಗಳದ ಬಾದಾಮಿ ಮತ್ತಿಯ ಹತ್ತಿರದ ನೆಂಟ, ಹಾಗಾಗಿ ಅದೂ ಆಗುತ್ತದೆ. ಆರು ತಿಂಗಳು ಸುಮ್ಮನೆ ಇದ್ದದ್ದು ರೋಗವೇನಲ್ಲ. ಬೇಸಿಗೆಯಲ್ಲಿ ಹೊರಬಂದರೆ ಮರಿಹುಳುಗಳಿಗೆ ಎಳೆ ಚಿಗುರು ಎಲ್ಲಿಂದ ಬರಬೇಕು? ಅದಕ್ಕೇ ಗೂಡಿನೊಳಗಿನ ಪ್ಯೂಪಾ (ಹುಳು ಪತಂಗವಾಗುವ ನಡುವಿನ ಹಂತ) ಒಣ ತಿಂಗಳುಗಳನ್ನು ಮಲಗಿ ಕಳೆದು, ಮಳೆಗಾಲದ ಹೊತ್ತಿಗೆ ಏಳುತ್ತದೆ.

ಇನ್ನು ಬಣ್ಣದ ವಿಷಯ. ಎರಡೂ ಒಂದೇ ಜಾತಿ. ಇಟ್ಟಿಗೆ ಬಣ್ಣದ್ದು ಗಂಡು, ಹಳದಿಯದು ಹೆಣ್ಣು. ಮೀಸೆ ನೋಡಿ. ಗಂಡಿನ ಮೀಸೆ ಅಗಲವಾದ ಗರಿಯ ಹಾಗಿದೆ, ಹೆಣ್ಣಿನದು ತೆಳ್ಳಗಿದೆ. ದೂರದ ಹೆಣ್ಣಿನ ವಾಸನೆ ಹಿಡಿಯುವುದಕ್ಕೆ ಗಂಡಿಗೆ ಅಷ್ಟು ದೊಡ್ಡ ಮೀಸೆ ಬೇಕು. ಹೆಣ್ಣಿನ ದಪ್ಪ ಹೊಟ್ಟೆ ತುಂಬ ಮೊಟ್ಟೆ. ಡಬ್ಬದ ತಳದಲ್ಲಿದ್ದ ಕಂದು ನೀರಿಗೂ ಹೆದರಬೇಡಿ. ಪ್ಯೂಪಾ ಆಗಿದ್ದಾಗ ಒಳಗೆ ಕೂಡಿಟ್ಟುಕೊಂಡ ಕಸವನ್ನು ಹೊರಬಂದ ಮೇಲೆ ಹಾಕುತ್ತದೆ, ಅಷ್ಟೇ.

ಈಗ ಆ ರಾತ್ರಿ ಏನಾಯಿತು ಅಂತ ಹತ್ತಿರದಿಂದ ನೋಡೋಣ. ಪತಂಗ ಬಾಯಿಂದ ಒಂದು ರಸ ಬಿಟ್ಟು ಗೂಡಿನ ತುದಿಯನ್ನು ಮೆತ್ತಗೆ ಮಾಡಿ, ಎಳೆಗಳನ್ನು ಸರಿಸಿಕೊಂಡು ಹೊರಗೆ ಬರುತ್ತದೆ. ಆಗ ಅದರ ರೆಕ್ಕೆ ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದಿರುತ್ತದೆ, ಅಷ್ಟೇ. ದಪ್ಪಗೆ, ಒದ್ದೆಯಾಗಿ, ಮಡಿಕೆ ಮಡಿಕೆಯಾಗಿ ಇರುತ್ತದೆ. ಒಂದು ಕ್ಷಣವೂ ನಿಲ್ಲದೆ ಮೇಲಕ್ಕೆ ಹತ್ತುವ ಜಾಗ ಹುಡುಕುತ್ತದೆ. ಒರಟಾದ ಕೊಂಬೆಯೋ ಬಟ್ಟೆಯೋ ಸಿಕ್ಕರೆ ಕಾಲಿನ ಉಗುರು ಸಿಕ್ಕಿಸಿ, ರೆಕ್ಕೆ ಕೆಳಕ್ಕೆ ಇಳಿಬೀಳುವ ಹಾಗೆ ನೇತಾಡುತ್ತದೆ. ಹೊಟ್ಟೆ ಅಮುಕಿ ಮೈಯೊಳಗಿನ ರಕ್ತವನ್ನು ರೆಕ್ಕೆಯ ನರಗಳಿಗೆ ತಳ್ಳುತ್ತದೆ. ಮಡಿಕೆಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ. ಅರ್ಧ, ಮುಕ್ಕಾಲು ಗಂಟೆಯಲ್ಲಿ ರೆಕ್ಕೆ ಪೂರ್ತಿ ಅಗಲವಾಗುತ್ತದೆ. ಆಮೇಲೆ ಒಂದು ಹಾರ್ಮೋನಿನ ಕೆಲಸದಿಂದ ಆ ಮೆತ್ತನೆ ಪೊರೆ ಗಟ್ಟಿಯಾಗುತ್ತದೆ. ಗಟ್ಟಿಯಾದ ಮೇಲೆ ಮುಗಿಯಿತು, ಹೇಗಿದೆಯೋ ಹಾಗೇ ಉಳಿಯುತ್ತದೆ.

ಪ್ಲಾಸ್ಟಿಕ್ ಡಬ್ಬದ ಗೋಡೆ ನುಣುಪು. ನಿಮ್ಮ ಹೆಣ್ಣು ಪತಂಗ ರಾತ್ರಿಯೆಲ್ಲ ಹತ್ತಿ ಜಾರಿ, ಹತ್ತಿ ಜಾರಿ, ಕೊನೆಗೆ ತಳದಲ್ಲೇ ಉಳಿಯಿತು. ಅಲ್ಲೇ ರೆಕ್ಕೆ ಗಟ್ಟಿಯಾಯಿತು. ಗಂಡಿಗೆ ಪರದೆ ಸಿಕ್ಕಿತ್ತು, ಹೆಣ್ಣಿಗೆ ಸಿಗಲಿಲ್ಲ. ಜೊತೆಗೆ ನಮ್ಮ ಕಡೆಯ ಬೇಸಿಗೆ ಎಂಥದು ಅಂತ ನಿಮಗೆ ಗೊತ್ತಲ್ಲ. ಏಪ್ರಿಲ್, ಮೇನಲ್ಲಿ ಮನೆಯೊಳಗಿಟ್ಟ ಪ್ಯೂಪಾ ಒಣಗಿ ಸೊರಗಿರಲೂಬಹುದು. ಮೈಯಲ್ಲಿ ನೀರು ಕಡಿಮೆಯಾದರೆ ರೆಕ್ಕೆಗೆ ತಳ್ಳುವ ಒತ್ತಡವೂ ಸಾಲದು.

ಔಷಧಿಯ ಅನುಮಾನ ತಪ್ಪಲ್ಲ. ಹುಳುವಿನ ಚರ್ಮ ಕಟ್ಟುವ ಕೆಲಸವನ್ನೇ ಕೆಡಿಸುವ ಕೀಟನಾಶಕಗಳು ಇವೆ. ಮೆಕ್ಕೆಜೋಳದ ಸೈನಿಕ ಹುಳುವಿಗೆ ಅಂಥವನ್ನೂ ಹೊಡೆಯುತ್ತಾರೆ. ಎಲೆ ತಿನ್ನುವ ಹುಳುವಿಗೆ ಅದು ತಗುಲಿದರೆ ಮುಂದೆ ಅಂಗ ಊನವಾಗಬಹುದು. ಆದರೆ ನಿಮ್ಮ ಹುಳುಗಳು ಡಿಸೆಂಬರ್‌ಗೂ ಮೊದಲೇ ಗೂಡು ಕಟ್ಟಿ ಒಳಗೆ ಸೇರಿದ್ದವು. ಈ ಹಂಗಾಮಿನ ಔಷಧಿ ಆ ಗಟ್ಟಿ ಗೂಡು ದಾಟಿ ಕೆಡಿಸಿತು ಅನ್ನುವುದಕ್ಕೆ ನನಗೆ ಕಾರಣ ಕಾಣುತ್ತಿಲ್ಲ. ರೋಗದ ಮಾತನ್ನೂ ಪೂರ್ತಿ ತಳ್ಳಿಹಾಕುವುದಿಲ್ಲ. ರೇಷ್ಮೆಯಲ್ಲಿ ಪೆಬ್ರಿನ್ ಅಂತ ಒಂದಿದೆ, ರೈತರು ಗಂಟು ರೋಗ ಅಂತಾರೆ. ಅದು ತಗುಲಿದ ಚಿಟ್ಟೆಯ ರೆಕ್ಕೆ ಕೂಡ ಸರಿಯಾಗಿ ಬಿಚ್ಚುವುದಿಲ್ಲ. ಅದಕ್ಕೇ ಬಿತ್ತನೆ ಕೋಠಿಯಲ್ಲಿ ಮೊಟ್ಟೆ ಇಟ್ಟ ತಾಯಿಚಿಟ್ಟೆಯನ್ನು ಅರೆದು ಮೈಕ್ರೋಸ್ಕೋಪಿನಲ್ಲಿ ನೋಡಿಯೇ ಮೊಟ್ಟೆ ಪಾಸು ಮಾಡುತ್ತೇವೆ. ಆದರೆ ನಿಮ್ಮ ಪತಂಗದ ಮೈ ತುಂಬಿದೆ, ಚುರುಕಾಗಿದೆ, ಮೈಮೇಲಿನ ತುಪ್ಪಳ ಚೆನ್ನಾಗಿದೆ. ನನಗೆ ಡಬ್ಬದ ಮೇಲೇ ಅನುಮಾನ.

ರೆಕ್ಕೆ ಸರಿ ಮಾಡಲು ಈಗ ಸಾಧ್ಯವಿಲ್ಲ. ನೀರು ಚಿಮುಕಿಸಿ ಎಳೆಯುವುದು, ಇಸ್ತ್ರಿ ಮಾಡಿದ ಹಾಗೆ ಒತ್ತುವುದು ಬೇಡ, ಹರಿಯುತ್ತದೆ. ಹೊರಬಂದು ಅರ್ಧ ಗಂಟೆಯೊಳಗೆ ಕಂಡಿದ್ದರೆ ಒಂದು ಕಡ್ಡಿ ಕೊಟ್ಟು ಹತ್ತಿಸಿ ನೇತುಹಾಕಬಹುದಿತ್ತು. ಈಗ ಅದಕ್ಕೆ ಹಸಿವಿನ ಕಷ್ಟವೂ ಇಲ್ಲ. ಟಸರ್ ಪತಂಗದ ಬಾಯಿ ಗೂಡು ಮೆತ್ತಗೆ ಮಾಡುವ ರಸ ಬಿಡುತ್ತದೆ, ಆದರೆ ತಿನ್ನಲು ಬರುವುದಿಲ್ಲ. ಹುಳುವಾಗಿದ್ದಾಗ ತಿಂದದ್ದರಲ್ಲೇ ಒಂದು ವಾರ, ಹತ್ತು ದಿನ ಬದುಕುತ್ತದೆ. ಅಲ್ಲಿಯವರೆಗೆ ಅದನ್ನು ಇರುವೆಗಳಿಂದ ಕಾಪಾಡಿದರೆ ಸಾಕು.

ಆ ಹುಡುಗಿ ಕೇಳಿದ ಪ್ರಶ್ನೆಗೆ ಬರುತ್ತೇನೆ. ಇದು ನನಗೆ ತುಂಬಾ ಇಷ್ಟವಾದ ಪ್ರಶ್ನೆ. ಸಾವಧಾನವಾಗಿ ಹೇಳುತ್ತೇನೆ.

ಮೊದಲನೆಯದು, ರೆಕ್ಕೆ ಗೂಡಿನೊಳಗೆ ಏಕಾಏಕಿ ಹುಟ್ಟಿದ್ದಲ್ಲ. ಹುಳು ಎಲೆ ತಿನ್ನುತ್ತಿರುವಾಗಲೇ ಅದರ ಎದೆಭಾಗದ ಚರ್ಮದ ಒಳಗೆ ನಾಲ್ಕು ಪುಟ್ಟ ಚೀಲಗಳಿರುತ್ತವೆ. ಅವೇ ಮುಂದೆ ನಾಲ್ಕು ರೆಕ್ಕೆ. ಪ್ರತಿ ಜ್ವರಕ್ಕೆ ಕೂತು ಏಳುವಾಗಲೂ ಅವು ಬೆಳೆಯುತ್ತವೆ. ರೇಷ್ಮೆ ಬೆಳೆಗಾರರು ಹುಳು ಪೊರೆ ಬಿಡುವುದಕ್ಕೆ ಜ್ವರ ಅಂತಲೇ ಹೇಳುವುದು. ಹುಳು ಹಣ್ಣಾಗಿ ಗೂಡು ಕಟ್ಟಿ ಪ್ಯೂಪಾ ಆದಾಗ ಆ ಚೀಲಗಳು ಹೊರಮೈಗೆ ಬಂದು ಅಂಟಿಕೊಳ್ಳುತ್ತವೆ. ಪ್ಯೂಪಾ ಕೈಯಲ್ಲಿ ಹಿಡಿದು ನೋಡಿದರೆ ಎರಡು ಬದಿಯಲ್ಲಿ ರೆಕ್ಕೆಯ ಗುರುತು ಕಾಣುತ್ತದೆ.

ಆಕಾರ ಬರುವ ಬಗೆ ಕೇಳಿದರೆ ಮಕ್ಕಳು ಬೆರಗಾಗುತ್ತಾರೆ. ದರ್ಜಿ ಬಟ್ಟೆಯನ್ನು ಅಳತೆಗಿಂತ ಸ್ವಲ್ಪ ದೊಡ್ಡದಾಗಿ ಹಾಸಿ, ಗೆರೆ ಎಳೆದು, ಗೆರೆಯಿಂದ ಆಚೆ ಇರುವುದನ್ನು ಕತ್ತರಿಸುತ್ತಾನಲ್ಲ, ರೆಕ್ಕೆಯೂ ಹಾಗೇ. ಪ್ಯೂಪಾದೊಳಗಿನ ರೆಕ್ಕೆಯ ಹಾಸಿನ ಸುತ್ತ, ಕೊನೆಗೆ ಉಳಿಯಬೇಕಾದ ಆಕಾರಕ್ಕಿಂತ ಹೆಚ್ಚಿನ ಅಂಚು ಇರುತ್ತದೆ. ಅಂಚಿಗೆ ಒಂದು ಗೆರೆ ಬೀಳುತ್ತದೆ. ಗೆರೆಯ ಆಚೆಯ ಜೀವಕೋಶಗಳು ತಾವಾಗಿಯೇ ಸಾಯುತ್ತವೆ. ಉಳಿದದ್ದೇ ಆಕಾರ. ಚಂದ್ರ ಪತಂಗ ಅಂತ ತಿಳಿಹಸಿರು ಬಣ್ಣದ್ದೊಂದು ಇದೆ, ಹಿಂದಿನ ರೆಕ್ಕೆಗೆ ರಿಬ್ಬನ್ನಿನಂಥ ಉದ್ದ ಬಾಲ. ಆ ಬಾಲದ ಅಂಚೂ ಹೀಗೇ ಕತ್ತರಿಸಿ ಬಂದದ್ದು. ಟಸಾಕ್ ಅಂತ (ಟಸರ್ ಅಲ್ಲ) ಬೇರೆಯೇ ಒಂದು ಗುಂಪಿನ ಪತಂಗಗಳಿವೆ, ಅವುಗಳಲ್ಲಿ ಕೆಲವು ಜಾತಿಯ ಹೆಣ್ಣಿಗೆ ಈ ಕತ್ತರಿ ರೆಕ್ಕೆಯನ್ನೇ ಹೆಚ್ಚುಕಡಿಮೆ ಪೂರ್ತಿ ತಿಂದುಹಾಕುತ್ತದೆ. ಅವು ಹಾರುವುದೇ ಇಲ್ಲ, ಗೂಡಿನ ಮೇಲೇ ಕೂತು ಮೊಟ್ಟೆ ಇಡುತ್ತವೆ.

ಇನ್ನು ಬಣ್ಣ. ನಿಮ್ಮವ್ವ ಹೆದರುವ ಆ ಪುಡಿಯೇ ಬಣ್ಣ. ಒಂದು ಪಾರದರ್ಶಕ ಟೇಪನ್ನು ರೆಕ್ಕೆಗೆ ಮೆಲ್ಲಗೆ ಒತ್ತಿ ತೆಗೆದು, ಶಾಲೆಯ ಮೈಕ್ರೋಸ್ಕೋಪಿನ ಕೆಳಗೆ ಇಡಿ. ಮುದುಡಿದ ಪತಂಗ ಸತ್ತ ಮೇಲೆ ಮಾಡಿ. ಪುಡಿಯ ಒಂದೊಂದು ಕಣವೂ ಪುಟ್ಟ ಹುರುಪೆ ಅಂತ ಕಾಣುತ್ತದೆ. ಒಂದು ತುದಿಯಲ್ಲಿ ಸಣ್ಣ ತೊಟ್ಟು, ಇನ್ನೊಂದು ತುದಿ ಬಾಚಣಿಗೆಯ ಹಲ್ಲಿನಂತೆ. ಮೇಲೆ ಉದ್ದುದ್ದ ಗೆರೆಗಳು. ನಮ್ಮ ಹಳ್ಳಿಯ ಮಂಗಳೂರು ಹೆಂಚಿನ ಮಾಡಿನ ಹಾಗೆ ಅವು ಒಂದರ ಮೇಲೊಂದು ಹೊದ್ದುಕೊಂಡು ಸಾಲಾಗಿ ಕೂತಿರುತ್ತವೆ. ಒಂದು ಹುರುಪೆ ಅಂದರೆ ಒಂದೇ ಒಂದು ಜೀವಕೋಶ ಮಾಡಿದ್ದು. ಒಂದು ಹುರುಪೆಗೆ ಸಾಮಾನ್ಯವಾಗಿ ಒಂದೇ ಬಣ್ಣ. ಇಡೀ ಚಿತ್ರ ಇಂಥ ಚುಕ್ಕೆಗಳಿಂದ ಆದದ್ದು. ಅಂಗಳದಲ್ಲಿ ಹೆಣ್ಣುಮಕ್ಕಳು ಇಡುವ ಚುಕ್ಕಿ ರಂಗೋಲಿಯಲ್ಲಿ ಚುಕ್ಕಿ ಚುಕ್ಕಿಗೂ ಬಣ್ಣ ತುಂಬಿದರೆ ಹೇಗೋ ಹಾಗೆ. ಆ ಕಣ್ಣಿನ ನಡುವಿನ 'ಗಾಜು' ಕೂಡ ಈಗ ಅರ್ಥವಾಗುತ್ತದೆ: ಅಷ್ಟು ಜಾಗದಲ್ಲಿ ಹುರುಪೆ ಇಲ್ಲ, ಬರೀ ಪೊರೆ ಇದೆ. ಅದರಿಂದ ಪತಂಗಕ್ಕೆ ಏನೂ ಕಾಣುವುದಿಲ್ಲ.

ಹಾಗಾದರೆ ತಾನು ಕಪ್ಪಾಗಬೇಕೋ ಹಳದಿಯಾಗಬೇಕೋ ಅಂತ ಒಂದು ಜೀವಕೋಶಕ್ಕೆ ಹೇಗೆ ಗೊತ್ತು? ತಾನು ಎಲ್ಲಿದ್ದೇನೆ ಅನ್ನುವುದರಿಂದ. 1933ರಲ್ಲಿ ಜರ್ಮನಿಯಲ್ಲಿ ಆಲ್‌ಫ್ರೆಡ್ ಕ್ಯೂನ್ ಮತ್ತು ಅವರ ಜೊತೆಗಾರರು ಹಿಟ್ಟಿನ ಪತಂಗದ ಪ್ಯೂಪಾ ತೆಗೆದುಕೊಂಡು, ಕಾದ ಸೂಜಿಯಿಂದ ರೆಕ್ಕೆಯ ಒಂದೊಂದು ಜಾಗ ಸುಟ್ಟು ನೋಡಿದರು. ನಮ್ಮ ಮನೆಯ ಹಿಟ್ಟಿನ ಡಬ್ಬದಲ್ಲಿ ಬಲೆ ಕಟ್ಟುವ ಹುಳುವಿನ ನೆಂಟ ಅದು. ಬೇಗ ಸುಟ್ಟರೆ ರೆಕ್ಕೆಯ ಪಟ್ಟೆ ಗಾಯವನ್ನು ಬಳಸಿಕೊಂಡು ಬೇರೆ ದಾರಿಯಲ್ಲಿ ಬಂತು. ತಡವಾಗಿ ಸುಟ್ಟರೆ ಪಟ್ಟೆ ಅಲುಗಲಿಲ್ಲ. ಅಂದರೆ ಅಂಚಿನಿಂದ ಏನೋ ಒಂದು ಸಂದೇಶ ಹರಿದು ಬರುತ್ತದೆ, ಎಲ್ಲಿಯವರೆಗೆ ಬಂದು ನಿಂತಿತೋ ಅಲ್ಲಿ ಪಟ್ಟೆ. 1980ರಲ್ಲಿ ಫ್ರೆಡ್ ನೈಹೌಟ್ ಕಣ್ಣಿನ ಗುರುತಿರುವ ಒಂದು ಚಿಟ್ಟೆಯಲ್ಲಿ ಇನ್ನೂ ಮುಂದೆ ಹೋದರು. ಕಣ್ಣಿನ ಗುರುತು ಬರಬೇಕಾದ ಜಾಗದ ನಟ್ಟನಡುವಿನ ಕೆಲವೇ ಜೀವಕೋಶ ಸುಟ್ಟರೆ ಕಣ್ಣೇ ಮೂಡಲಿಲ್ಲ. ಆ ಜೀವಕೋಶಗಳನ್ನು ಕಿತ್ತು ರೆಕ್ಕೆಯ ಬೇರೆ ಕಡೆ ನೆಟ್ಟರೆ ಅಲ್ಲಿ ಹೊಸ ಕಣ್ಣು ಮೂಡಿತು! ಕೆರೆಗೆ ಕಲ್ಲು ಹಾಕಿದರೆ ಅಲೆ ಸುತ್ತುಸುತ್ತಾಗಿ ಹೋಗುತ್ತದಲ್ಲ, ಹಾಗೆ ನಡುವಿನಿಂದ ಸಂದೇಶ ಹರಡುತ್ತದೆ. ಹತ್ತಿರದ ಜೀವಕೋಶಗಳು ಒಂದು ಬಣ್ಣ, ಅದರಾಚೆಯವು ಒಂದು, ದೂರದವು ಇನ್ನೊಂದು. ಅದಕ್ಕೇ ಕಣ್ಣು ಗುಂಡಗಿದೆ, ಉಂಗುರ ಉಂಗುರವಾಗಿದೆ.

ಹುಡುಗಿಗೆ ಹೀಗೆ ಹೇಳಿ: ಬರೆದವರು ಹೊರಗಿನವರಲ್ಲಮ್ಮ, ಚುಕ್ಕಿಗಳೇ ಒಂದಕ್ಕೊಂದು ಹೇಳಿಕೊಂಡು ಬಣ್ಣ ಹಾಕಿಕೊಂಡವು. ಅದಕ್ಕೆ ಬೆಳಕು ಬೇಕಿಲ್ಲ.

ಇಷ್ಟು ಹೇಳಿದರೆ ಅವಳು ಮುಂದಿನ ಪ್ರಶ್ನೆ ಕೇಳೇ ಕೇಳುತ್ತಾಳೆ: ಕಣ್ಣೇ ಯಾಕೆ? ಟಸರ್ ಪತಂಗ ಹಾರುವುದು ರಾತ್ರಿ. ಹಗಲು ಮರದಲ್ಲಿ ಸುಮ್ಮನೆ ಕೂತಿರುತ್ತದೆ. ಆಗ ಹಕ್ಕಿ ಬಂದು ಕುಕ್ಕಿದರೆ ರೆಕ್ಕೆ ಅಗಲಿಸುತ್ತದೆ, ನಾಲ್ಕು ಕಣ್ಣು ಒಮ್ಮೆಲೇ ಎದುರಿಗೆ. 1957ರಲ್ಲಿ ಡೇವಿಡ್ ಬ್ಲೆಸ್ಟ್ ಹಕ್ಕಿ ಹುಳು ತಿನ್ನಲು ಬಂದಾಗ ಪಕ್ಕದಲ್ಲಿ ಥಟ್ಟನೆ ಚಿತ್ರ ಬೆಳಗಿಸಿ ನೋಡಿದರು. ಕಣ್ಣಿನಂಥ ಉಂಗುರಕ್ಕೆ ಹಕ್ಕಿಗಳು ಬೇರೆ ಚಿತ್ರಗಳಿಗಿಂತ ಜಾಸ್ತಿ ಬೆಚ್ಚಿ ಹಾರಿದವು. ಆ ಒಂದು ಕ್ಷಣದಲ್ಲಿ ಜೀವ ಉಳಿಯುತ್ತದೆ. ಹೊಸದುರ್ಗ, ಹಿರಿಯೂರು ಕಡೆ ದಾಳಿಂಬೆ ರೈತರನ್ನು ಕಾಡುವ ಹಣ್ಣು ಚುಚ್ಚುವ ಪತಂಗವೂ ಹೀಗೇ. ಮೇಲಿನ ರೆಕ್ಕೆ ಒಣಗಿದ ಎಲೆ, ಎದ್ದರೆ ಕೆಳಗಿನದು ಅರಿಶಿನ ಬಣ್ಣ, ಮೇಲೆ ಕಪ್ಪು ಗುರುತು. ಚಂದ್ರ ಪತಂಗದ ಬಾಲದ ಕೆಲಸವೇ ಬೇರೆ. ಬಾವಲಿ ಸದ್ದು ಬಿಟ್ಟು ಅದರ ಪ್ರತಿಧ್ವನಿಯಿಂದ ಬೇಟೆ ಹುಡುಕುತ್ತದೆ. ತಿರುಚಿಕೊಂಡ ಬಾಲ ಹಾರುವಾಗ ಸುಳಿದಾಡಿ ಆ ಪ್ರತಿಧ್ವನಿಯನ್ನು ತನ್ನ ಕಡೆ ಎಳೆಯುತ್ತದೆ. 2015ರಲ್ಲಿ ಅಮೆರಿಕದಲ್ಲಿ ಜೆಸ್ಸಿ ಬಾರ್ಬರ್ ತಂಡ ಅಲ್ಲಿನ ಚಂದ್ರ ಪತಂಗಗಳನ್ನು ಬಾವಲಿಯ ಮುಂದೆ ಬಿಟ್ಟಿತು. ಬಾಲ ಕತ್ತರಿಸಿದವುಗಳಲ್ಲಿ ನೂರಕ್ಕೆ 81 ಬಾವಲಿಗೆ ಸಿಕ್ಕವು, ಬಾಲ ಇದ್ದವುಗಳಲ್ಲಿ ಸುಮಾರು 35. ಬಾಲ ಹರಿದರೂ ಮೈ ಉಳಿಯಿತು.

ಇಲ್ಲಿ ಪಾಠ ಹೇಳುವವರೂ ತಪ್ಪುವ ಒಂದು ಜಾಗ ಇದೆ. 'ಹಕ್ಕಿಯಿಂದ ತಪ್ಪಿಸಿಕೊಳ್ಳಲು ಪತಂಗ ಕಣ್ಣು ಬೆಳೆಸಿಕೊಂಡಿತು' ಅಂದುಬಿಡುತ್ತೇವೆ. ಪತಂಗ ಏನನ್ನೂ ಬಯಸಿ ಬೆಳೆಸಿಕೊಳ್ಳುವುದಿಲ್ಲ. ಇಂಗ್ಲೆಂಡಿನ ಪೆಪ್ಪರ್ಡ್ ಮಾತ್ ಕತೆ ಹೇಳಿ, ಸ್ಪಷ್ಟವಾಗುತ್ತದೆ. ಬಿಳಿ ರೆಕ್ಕೆ ಮೇಲೆ ಕರಿಮೆಣಸಿನ ಪುಡಿ ಚೆಲ್ಲಿದಂಥ ಪತಂಗ ಅದು. 1848ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಪೂರ್ತಿ ಕಪ್ಪಾದ ಒಂದು ದಾಖಲಾಯಿತು. ಕಾರ್ಖಾನೆ ಮಸಿಯಿಂದ ಮರಗಳು ಕಪ್ಪಾಗಿದ್ದವು. ಬಿಳಿಯವು ಹಕ್ಕಿ ಕಣ್ಣಿಗೆ ಬಿದ್ದವು, ಕಪ್ಪಿನವು ಉಳಿದು ಮೊಟ್ಟೆ ಇಟ್ಟವು. 1895ರ ಹೊತ್ತಿಗೆ ಅಲ್ಲಿ ನೂರಕ್ಕೆ 98 ಕಪ್ಪು. 1956ರ ಶುದ್ಧ ಗಾಳಿ ಕಾಯ್ದೆ ಬಂದು ಹೊಗೆ ಕಡಿಮೆಯಾದ ಮೇಲೆ ಮತ್ತೆ ಬಿಳಿಯವು ಜಾಸ್ತಿಯಾದವು. 2016ರಲ್ಲಿ ಇದರ ಬೇರು ಸಿಕ್ಕಿತು: ಡಿಎನ್‌ಎಯ ಸುಮಾರು 22 ಸಾವಿರ ಅಕ್ಷರದ ಒಂದು ಜಿಗಿಯುವ ತುಂಡು ರೆಕ್ಕೆ ಬಣ್ಣ ತೀರ್ಮಾನಿಸುವ ಜಾಗದಲ್ಲಿ ಹೋಗಿ ಕೂತಿತ್ತು. ಅದು ಕೂತದ್ದು 1819ರ ಆಸುಪಾಸು ಅಂತ ಲೆಕ್ಕ. ತುಂಡು ಕೂತದ್ದು ಆಕಸ್ಮಿಕ. ಉಳಿಸಿದ್ದು ಮಸಿ ಮತ್ತು ಹಕ್ಕಿ. ಈ ಕತೆಯೇ ಸುಳ್ಳು ಅಂತ ಕೆಲವರು ವಾದ ಮಾಡಿದ್ದೂ ಉಂಟು. ಕೇಂಬ್ರಿಜ್‌ನ ಮೈಕೆಲ್ ಮಜೆರಸ್, ಹಕ್ಕಿಗಳು ತಿನ್ನುವುದನ್ನು ಪರೀಕ್ಷಿಸಿದ್ದ ಹಳೇ ಪ್ರಯೋಗದ ಕುಂದುಗಳನ್ನು ತಿದ್ದಿಕೊಂಡು 4,864 ಪತಂಗ ಬಿಟ್ಟು ಮತ್ತೆ ನೋಡಿದರು. ಹಕ್ಕಿಗಳೇ ಆರಿಸಿ ತಿನ್ನುತ್ತವೆ ಅನ್ನುವುದು ಗಟ್ಟಿಯಾಯಿತು.

ನನ್ನ ಕೋಠಿಯ ರೇಷ್ಮೆ ಚಿಟ್ಟೆ ಇದೇ ಕತೆಯ ಇನ್ನೊಂದು ಮುಖ. ಅದರ ಕಾಡಿನ ಪೂರ್ವಜ ಕಂದು ಬಣ್ಣದ್ದು, ಚೆನ್ನಾಗಿ ಹಾರುತ್ತದೆ. ಮನುಷ್ಯ ಸಾವಿರಾರು ವರ್ಷ ತಟ್ಟೆಯಲ್ಲಿ ಸಾಕಿ, ನೂಲು ನೋಡಿಯೇ ಆರಿಸಿದ. ಹಕ್ಕಿಯ ಕಾಟ ಇಲ್ಲದ ಕಡೆ ಬಣ್ಣ ಬಿಳಿಚಿಕೊಂಡಿತು. ರೆಕ್ಕೆ ಇದೆ, ಬಡಿಯುತ್ತದೆ, ಹಾರಲಾರದು.

ಪುಡಿಯ ವಿಷಯಕ್ಕೆ ನಿಮ್ಮವ್ವನಿಗೆ ಹೇಳಿ, ಕಣ್ಣು ಹೋಗುವುದಿಲ್ಲ. ಅದು ವಿಷ ಅಲ್ಲ. ಕಣ್ಣಿಗೆ ಬಿದ್ದರೆ ಧೂಳು ಬಿದ್ದ ಹಾಗೆ ಚುರುಚುರು ಅನ್ನುತ್ತದೆ, ನೀರಲ್ಲಿ ತೊಳೆದರೆ ಆಯಿತು. ಆದರೂ ಅವರ ಮಾತನ್ನು ನಾನು ಪೂರ್ತಿ ತಳ್ಳುವುದಿಲ್ಲ. ಬಿತ್ತನೆ ಕೋಠಿಯಲ್ಲಿ ದಿನಾ ಸಾವಿರಾರು ಚಿಟ್ಟೆಗಳ ನಡುವೆ ಕೆಲಸ ಮಾಡುವವರಿಗೆ ಈ ಹುರುಪೆ ಉಸಿರಿಗೆ ಹೋಗಿ ಅಲರ್ಜಿ, ಅಸ್ತಮಾ ಬರುವುದುಂಟು. ನನ್ನ ಜೊತೆ ಕೆಲಸ ಮಾಡಿದ ಇಬ್ಬರು ಅಕ್ಕಂದಿರು ಉಬ್ಬಸ ತಾಳಲಾರದೆ ಕೆಲಸ ಬಿಟ್ಟರು. ಮನೆಯಲ್ಲಿ ಒಂದೆರಡು ಪತಂಗದಿಂದ ಆ ಅಪಾಯ ಇಲ್ಲ. ಉಬ್ಬಸ ಇರುವ ಮಗು ಇದ್ದರೆ ಮಾತ್ರ ದೂರದಿಂದ ನೋಡಲಿ.

ಉಳಿದ ಎರಡು ಗೂಡಿಗೆ ಏನು ಮಾಡುವುದು? ನನಗೆ ಎರಡು ದಾರಿ ಕಾಣುತ್ತವೆ. ಒಂದು, ಅದೇ ಬಾದಾಮಿ ಮರಕ್ಕೆ ವಾಪಸ್ ಕಟ್ಟುವುದು. ಇದು ಸಹಜವಾದದ್ದು, ಹೊರಬಂದ ಪತಂಗಕ್ಕೆ ಜೋಡಿ ಸಿಗುವ ಅವಕಾಶವೂ ಇದೆ. ಆದರೆ ಇರುವೆ, ಅಳಿಲು, ಹಕ್ಕಿಯ ಭಯ ಇದ್ದೇ ಇದೆ, ಮಕ್ಕಳು ನೋಡುವ ಹೊತ್ತಿಗೆ ಬರೀ ಗೂಡು ಉಳಿದಿರಬಹುದು. ಎರಡು, ಮನೆಯಲ್ಲೇ ಇಡುವುದು, ಡಬ್ಬದಲ್ಲಿ ಬೇಡ. ಸೊಳ್ಳೆ ಪರದೆಯ ಬಟ್ಟೆ ಹೊಲಿದು ಮೊಳದಷ್ಟು ಎತ್ತರದ ಪಂಜರ ಮಾಡಿ. ಒಳಗೆ ಒರಟು ಕಡ್ಡಿ ನಿಲ್ಲಿಸಿ, ಗೂಡನ್ನು ಅದರ ತೊಟ್ಟಿನಿಂದಲೇ ನೇತುಹಾಕಿ. ಎರಡು ದಿನಕ್ಕೊಮ್ಮೆ ಲಘುವಾಗಿ ನೀರು ಚಿಮುಕಿಸಿ, ನೆನೆದು ತೊಟ್ಟಿಕ್ಕುವಷ್ಟು ಬೇಡ, ಬೂಷ್ಟು ಬರುತ್ತದೆ. ಪಂಜರದ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಟ್ಟರೆ ಇರುವೆ ಹತ್ತುವುದಿಲ್ಲ. ಸಂಜೆ ಹೊತ್ತು ಕಣ್ಣಿಡಿ. ಹೊರಬಂದ ಮೇಲೆ ಒಂದು ಗಂಟೆ ಯಾರೂ ಮುಟ್ಟಬಾರದು.

ಇನ್ನೊಂದು ಕೆಲಸ ನಿಮ್ಮ ಮುದುಡಿದ ಹೆಣ್ಣಿಗೆ ಸಂಬಂಧಿಸಿದ್ದು, ಇವತ್ತೇ ಮಾಡಬೇಕಾದದ್ದು. ಅದು ಹಾರಲಾರದು, ಆದರೆ ವಾಸನೆ ಬಿಟ್ಟು ಗಂಡನ್ನು ಕರೆಯಬಲ್ಲದು. ಅಗಲ ಕಣ್ಣಿನ ಬಲೆಯ ಬುಟ್ಟಿಯಲ್ಲಿ ಕಡ್ಡಿಗೆ ಹತ್ತಿಸಿ, ಕತ್ತಲಾದ ಮೇಲೆ ಬಾದಾಮಿ ಮರದ ಕೊಂಬೆಗೆ ನೇತುಹಾಕಿ. ಹತ್ತಿರದಲ್ಲಿ ದೀಪ ಬೇಡ. ಎಲ್ಲಿಂದಲೋ ಗಂಡು ಬಂದರೆ ಆ ಬಲೆಯ ಮೂಲಕವೇ ಕೂಡಬಹುದು. ಬರದೆಯೂ ಇರಬಹುದು, ಮಕ್ಕಳಿಗೆ ಆಸೆ ಹುಟ್ಟಿಸುವ ಮೊದಲೇ ಅದನ್ನೂ ಹೇಳಿ. ಕೂಡಿದರೆ ನೂರಕ್ಕೂ ಮೀರಿ ಮೊಟ್ಟೆ ಇಡುತ್ತದೆ. ಅಷ್ಟನ್ನೂ ಸಾಕುವ ಹುಮ್ಮಸ್ಸು ಬೇಡ, ಎಲೆ ಸಾಲದೆ ಸಾಯುತ್ತವೆ. ಹತ್ತಿಪ್ಪತ್ತು ಇಟ್ಟುಕೊಂಡು ಉಳಿದದ್ದನ್ನು ಮರದಲ್ಲೇ ಬಿಡಿ. ಇನ್ನೊಂದು ಮಾತು: ಉತ್ಸಾಹದಲ್ಲಿ ಜೋಗಿಮಟ್ಟಿ ಕಡೆ ಹೋಗಿ ಗೂಡು ಕಿತ್ತು ತರುವುದು ಬೇಡ, ಅದು ಕಾಯ್ದಿಟ್ಟ ಕಾಡು.

ಹಸಿ ಬಾದಾಮಿ ಎಲೆ ಮೇಲೆ ಕಂದು ಮೊಟ್ಟೆ ಕಂಡರೆ ತಾರೀಖು ಬರೆದಿಡಿ. ಒಂಬತ್ತು, ಹತ್ತು ದಿನಕ್ಕೆ ಮರಿ ಒಡೆಯುತ್ತವೆ. ಮೊದಲ ಜ್ವರಕ್ಕೆ ಕೂತಾಗ ಹುಳು ಅಲುಗದೆ ನಿಂತಿರುತ್ತದೆ, ಸತ್ತಿತು ಅಂತ ಎಸೆಯಬೇಡಿ. ಆಗ ಮತ್ತೆ ಬರೆಯಿರಿ. ಆ ಹುಡುಗಿಯೇ ಬರೆದರೆ ಇನ್ನೂ ಸಂತೋಷ.